40 ಪೌಂಡ್ ಬೋನಸ್ ಅಂತೆ, ಆದರೆ 400 ಪೌಂಡ್ ಆಡಬೇಕಂತೆ! ಯಾರಾದ್ರೂ ಬಿಡಿಸಿ ಹೇಳ್ತೀರಾ?

ಲೆಸ್ಟರ್_ಹೊಸಬ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳಾಯ್ತು. ಲೆಸ್ಟರ್‌ನಲ್ಲಿ ಗೋದಾಮಿನ ಕೆಲಸ, ರಾತ್ರಿ ಪಾಳಿ. ಜೊತೆಯವರು ಬ್ರೇಕ್ ಸಿಕ್ಕರೆ ಸಾಕು, ಫೋನಿನಲ್ಲಿ ಸ್ಲಾಟ್ (ಗುಂಡಿ ಒತ್ತಿ ಚಿತ್ರಗಳ ಚಕ್ರ ತಿರುಗಿಸುವ ಜೂಜು) ಆಡ್ತಾರೆ. ನೋಡಿ ನೋಡಿ ನಾನೂ ನಿನ್ನೆ ಒಂದು ಆನ್‌ಲೈನ್ ಕ್ಯಾಸಿನೋದಲ್ಲಿ ಅಕೌಂಟ್ ತೆರೆದೆ. ಇನ್ನೂ ದುಡ್ಡು ಹಾಕಿಲ್ಲ.

ಎರಡು ಗೊಂದಲ ಇದೆ. ಒಂದು, ಪಾಸ್‌ಪೋರ್ಟ್ ಫೋಟೋ ಕೊಟ್ಟರೂ ಅಕೌಂಟ್ ಇನ್ನೂ ಪಾಸ್ ಆಗಿಲ್ಲ. 'ಹೆಸರು ಹೊಂದುತ್ತಿಲ್ಲ' ಅಂತ ಬರ್ತಿದೆ. ಎರಡು, 40 ಪೌಂಡ್ ಹಾಕಿದರೆ 40 ಪೌಂಡ್ ಬೋನಸ್ ಅಂತ ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ 'ವೇಜರಿಂಗ್ 10 ಪಟ್ಟು' ಅಂತ ಇದೆ. ಹಾಗಂದ್ರೆ 400 ಪೌಂಡ್ ನಾನು ಕೈಯಿಂದ ಹಾಕಬೇಕಾ?

ಹಾಸನದಕ್ಕ_ರೆಡಿಂಗ್

ತಮ್ಮಾ, ದುಡ್ಡು ಹಾಕುವ ಮೊದಲೇ ಕೇಳಿದ್ದು ಒಳ್ಳೇದಾಯ್ತು. ನಾನು ಹಾಕಿದ ಮೇಲೆ ಕೇಳಿದವಳು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಹೆಸರಿನ ವಿಷಯ. ಇದು ನಮ್ಮ ಕಡೆಯವರಿಗೆ ಆಗುವ ಮಾಮೂಲಿ ತೊಂದರೆ. ನಮಗೆ ಮನೆತನದ ಹೆಸರು ಅಂತ ಇರಲ್ಲ, ಊರಿನ ಅಕ್ಷರ, ಅಪ್ಪನ ಅಕ್ಷರ ಇರ್ತದೆ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಉದ್ದಕ್ಕೆ ಬಂದಿರ್ತದೆ, ಬ್ಯಾಂಕ್ ಕಾರ್ಡಿನಲ್ಲಿ 'ಹೆಚ್. ಎಸ್.' ಅಂತ ಮೊಟಕಾಗಿರ್ತದೆ. ಅಕೌಂಟ್ ತೆರೆಯುವಾಗ ಮೂರನೇ ಥರ ಬರೆದಿರ್ತೀವಿ. ಅವರ ಕಂಪ್ಯೂಟರಿಗೆ ಮೂರು ಮನುಷ್ಯರು ಕಾಣ್ತಾರೆ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ತಿದ್ದಿಸಿ. ಜೊತೆಗೆ ನಿಮ್ಮ ಹೆಸರು, ಈಗಿನ ವಿಳಾಸ ಇರುವ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ. ರೂಮ್‌ಮೇಟ್ ಕಾರ್ಡಿನಿಂದ ಮಾತ್ರ ದುಡ್ಡು ಹಾಕಬೇಡಿ, ಆಮೇಲೆ ಗೆದ್ದರೂ ತೆಗೆಯುವಾಗ ಸಿಕ್ಕಿಹಾಕಿಕೊಳ್ತೀರಿ.

ದಾಖಲೆ ಕೇಳಿದರು ಅಂತ ಅನುಮಾನ ಬೇಡ. 2019ರ ಮೇ 7ರಿಂದ ಇಲ್ಲಿ ಆಡುವ ಮೊದಲೇ ಹೆಸರು, ವಿಳಾಸ, ವಯಸ್ಸು ಖಚಿತ ಮಾಡಿಕೊಳ್ಳಬೇಕು ಅಂತ ಗ್ಯಾಂಬ್ಲಿಂಗ್ ಕಮಿಷನ್ (ಜೂಜಿನ ಮೇಲೆ ಕಣ್ಣಿಡುವ ಇಲ್ಲಿನ ಸರ್ಕಾರಿ ಸಂಸ್ಥೆ) ನಿಯಮ ಇದೆ.

ಈಗ ಬೋನಸ್. 400 ಪೌಂಡ್ ಕೈಯಿಂದ ಹಾಕಬೇಕಾಗಿಲ್ಲ. ಅದು ಒಟ್ಟು ಬೆಟ್‌ಗಳ ಲೆಕ್ಕ. 1 ಪೌಂಡ್ ಬೆಟ್ ಕಟ್ಟಿ 90 ಪೆನ್ಸ್ ವಾಪಸ್ ಬಂದರೂ ಲೆಕ್ಕಕ್ಕೆ ಪೂರ್ತಿ 1 ಪೌಂಡ್ ಸೇರ್ತದೆ. ಅದೇ ದುಡ್ಡು ತಿರುಗಿ ತಿರುಗಿ 400 ಆಗಬೇಕು. ಅಲ್ಲಿವರೆಗೆ ಆ 40 ಪೌಂಡ್ ಬೋನಸ್ ನಿಮ್ಮದಲ್ಲ. ಸ್ಕ್ರೀನಿನಲ್ಲಿ 80 ಅಂತ ಕಾಣ್ತದೆ, ಆದರೆ ನಿಮ್ಮದು 40 ಮಾತ್ರ.

ಆ ತಿರುಗುವಿಕೆಯಲ್ಲೇ ದುಡ್ಡು ಸೋರಿ ಹೋಗೋದು. ಸ್ಲಾಟ್ ಮಾಹಿತಿಯಲ್ಲಿ ಆರ್‌ಟಿಪಿ (ಆಡುವವರಿಗೆ ವಾಪಸ್ ಬರುವ ಪಾಲು) 96 ಪರ್ಸೆಂಟ್ ಅಂತ ಇದ್ದರೆ, ಸರಾಸರಿಯಲ್ಲಿ 100 ಪೌಂಡ್ ಬೆಟ್ಟಿಗೆ 4 ಪೌಂಡ್ ಅವರಿಗೆ. 400ಕ್ಕೆ 16 ಪೌಂಡ್. ಸರಾಸರಿ ಅಂದ್ರೆ ಲಕ್ಷಗಟ್ಟಲೆ ಸುತ್ತುಗಳ ಸರಾಸರಿ. ನಿಮ್ಮ ಒಂದು ರಾತ್ರಿಯಲ್ಲಿ ಅರ್ಧ ಗಂಟೆಗೇ ಎಲ್ಲ ಖಾಲಿ ಆಗಬಹುದು.

ನನ್ನ ಕಥೆ ಹೇಳ್ತೀನಿ. 2018ರ ಡಿಸೆಂಬರ್. ಮನೆಯವರು ಊರಿಗೆ ಹೋಗಿದ್ದರು, ಮಗು ಮಲಗಿತ್ತು. 50 ಪೌಂಡ್ ಹಾಕಿ 50 ಬೋನಸ್ ತಗೊಂಡೆ. ಆಗ 35 ಪಟ್ಟು. ಅಂದ್ರೆ 1,750 ಪೌಂಡ್ ಬೆಟ್. ನಾನು ಅದನ್ನ ಓದಿಯೇ ಇರಲಿಲ್ಲ. ಮೊದಲ ರಾತ್ರಿಯೇ ಬ್ಯಾಲೆನ್ಸ್ 212 ಪೌಂಡ್ ಆಯ್ತು. ಕೈ ನಡುಗ್ತಿತ್ತು. ತೆಗೆಯೋಣ ಅಂತ ಒತ್ತಿದರೆ 'ಇನ್ನೂ 1,180 ಬಾಕಿ' ಅಂತ ಬಂತು. ಅಡುಗೆಮನೆ ಮೇಜಿನ ಮೇಲೆ ಹಾಲಿನ ಬಿಲ್ ಹಿಂದೆ ಲೆಕ್ಕ ಹಾಕಿದೆ. 20 ಪೆನ್ಸ್ ಬೆಟ್ಟಿನಲ್ಲಿ 5,900 ಸುತ್ತು. ನಿಮಿಷಕ್ಕೆ ಹತ್ತು ಸುತ್ತು ಆಡಿದರೂ ಹತ್ತು ಗಂಟೆ ಹತ್ತಿರ.

ಬೇಗ ಮುಗಿಯಲಿ ಅಂತ ರೂಲೆಟ್‌ಗೆ (ತಿರುಗುವ ಚಕ್ರದಲ್ಲಿ ಚೆಂಡು ಯಾವ ಬಣ್ಣಕ್ಕೆ, ಸಂಖ್ಯೆಗೆ ಬೀಳ್ತದೆ ಅಂತ ಬೆಟ್ ಕಟ್ಟುವ ಆಟ) ಹೋದೆ. ಕೆಂಪಿಗೆ ಹತ್ತು ಹತ್ತು ಪೌಂಡ್ ಕಟ್ಟುತ್ತಾ 200 ಪೌಂಡ್ ಆಡಿದೆ. ಲೆಕ್ಕದಲ್ಲಿ ಇಳಿದದ್ದು 20 ಮಾತ್ರ! ಅಲ್ಲಿ ರೂಲೆಟ್ ಬೆಟ್ಟಿನ 10 ಪರ್ಸೆಂಟ್ ಮಾತ್ರ ಸೇರ್ತಿತ್ತು. ಸ್ಲಾಟಿಗೆ ವಾಪಸ್ ಬಂದು ಬೆಟ್ ಜಾಸ್ತಿ ಮಾಡಿದೆ. ಮೂರನೇ ರಾತ್ರಿ ಬ್ಯಾಲೆನ್ಸ್ ಸೊನ್ನೆ ಆದಾಗ ಇನ್ನೂ 300 ಚಿಲ್ಲರೆ ಬಾಕಿ ಇತ್ತು. ಆಮೇಲೆ ಇನ್ನೊಂದು 50 ಹಾಕಿದೆ. ಆ ಎರಡನೇ 50 ನನಗೆ ಇವತ್ತಿಗೂ ನೋವು. ಅದು ಮಗುವಿನ ಶೂಗೆ ಅಂತ ತೆಗೆದಿಟ್ಟ ದುಡ್ಡು.

ಈಗ ನಿಯಮ ಬಿಗಿಯಾಗಿದೆ. 2026ರ ಜನವರಿ 19ರಿಂದ ಇಲ್ಲಿನ ಲೈಸೆನ್ಸ್ ಇರುವ ಸೈಟುಗಳು 10 ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಹಾಗಾಗಿ ಯಾರಾದರೂ 30, 40 ಪಟ್ಟು ಅಂದರೆ, ಅಥವಾ ಕ್ರೆಡಿಟ್ ಕಾರ್ಡ್ ತಗೋತೀವಿ ಅಂದರೆ, ಆ ಸೈಟನ್ನ ಅಲ್ಲೇ ಬಿಡಿ. ಕ್ರೆಡಿಟ್ ಕಾರ್ಡ್ 2020ರ ಏಪ್ರಿಲ್ 14ರಿಂದಲೇ ನಿಷೇಧ. ಪುಟದ ಕೆಳಗೆ ಲೈಸೆನ್ಸ್ ನಂಬರ್ ಇರ್ತದೆ, ಅದನ್ನ ಗ್ಯಾಂಬ್ಲಿಂಗ್ ಕಮಿಷನ್ ಪಟ್ಟಿಯಲ್ಲಿ ಹಾಕಿ ನೋಡಿ.

ಲೆಸ್ಟರ್_ಹೊಸಬ

ಅಕ್ಕಾ, ತುಂಬಾ ಥ್ಯಾಂಕ್ಸ್. ನಿಜಕ್ಕೂ ನನ್ನ ಬ್ಯಾಂಕಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಒಂದು ಪ್ರಶ್ನೆ, ಬೋನಸ್ ಬೇಡ ಅಂದರೆ ನಡೆಯುತ್ತಾ?

ಹಾಸನದಕ್ಕ_ರೆಡಿಂಗ್

ಧಾರಾಳವಾಗಿ. ದುಡ್ಡು ಹಾಕುವ ಪುಟದಲ್ಲೇ ಬೋನಸ್ ಬೇಡ ಅಂತ ಗುರುತು ಹಾಕುವ ಜಾಗ ಹುಡುಕಿ. ಸಿಗದಿದ್ದರೆ ಚಾಟ್‌ನಲ್ಲಿ ಕೇಳಿ, ದುಡ್ಡು ಹಾಕುವ ಮೊದಲೇ. ಬೋನಸ್ ಇಲ್ಲದಿದ್ದರೆ ನಿಮ್ಮ ದುಡ್ಡು, ಗೆದ್ದದ್ದು ಎರಡನ್ನೂ ವೇಜರಿಂಗ್ ಕಾಟ ಇಲ್ಲದೆ ತೆಗೆಯಬಹುದು. ತಗೊಂಡೇ ತಗೋತೀನಿ ಅಂದರೆ ಮೂರು ಸಾಲು ಓದಿ: ಎಷ್ಟು ದಿನದೊಳಗೆ ಮುಗಿಸಬೇಕು, ಒಂದು ಸುತ್ತಿಗೆ ಗರಿಷ್ಠ ಬೆಟ್ ಎಷ್ಟು, ಬೋನಸಿನಿಂದ ಗೆದ್ದದ್ದರಲ್ಲಿ ಎಷ್ಟು ತೆಗೆಯೋಕೆ ಬಿಡ್ತಾರೆ.

ಜಯನಗರ_4ನೇ_ಬ್ಲಾಕ್

ನಾನು ಬೆಂಗಳೂರಿನಲ್ಲಿದ್ದೀನಿ. ಅಣ್ಣ ಲಂಡನ್‌ನಲ್ಲಿದ್ದಾನೆ. ಅವನ ಹೆಸರಲ್ಲಿ ಅಕೌಂಟ್ ಮಾಡಿ ಇಲ್ಲಿಂದ ಆಡಬಹುದಾ?

ಹಾಸನದಕ್ಕ_ರೆಡಿಂಗ್

ಬೇಡ. ಒಬ್ಬರ ಅಕೌಂಟಿನಲ್ಲಿ ಇನ್ನೊಬ್ಬರು ಆಡಿದರೆ ಅವರ ಷರತ್ತು ಮುರಿದ ಹಾಗೆ, ಅಣ್ಣನ ದುಡ್ಡೂ ತಡೆಹಿಡಿತಾರೆ. ಅದೂ ಅಲ್ಲದೆ ನಮ್ಮ ದೇಶದಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದೇ ರಾಷ್ಟ್ರಪತಿ ಅಂಕಿತ ಬಿದ್ದಿದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಅಲ್ಲಿ ಯಾರಾದರೂ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿ 'ಬೋನಸ್' ಅಂದರೆ ಬ್ಲಾಕ್ ಮಾಡಿ.

ಕೊವೆಂಟ್ರಿ_ಕಿರಣ

ಅಕ್ಕ ಹೇಳಿದ್ದೆಲ್ಲ ಸರಿ. ಒಂದು ಸೇರಿಸ್ತೀನಿ. ಕೈ ಮೀರುತ್ತಿದೆ ಅನ್ನಿಸಿದರೆ ಗ್ಯಾಮ್‌ಸ್ಟಾಪ್‌ನಲ್ಲಿ ಹೆಸರು ಕೊಡಿ, ಉಚಿತ. 6 ತಿಂಗಳು, 1 ವರ್ಷ, 5 ವರ್ಷ ಅಂತ ಆರಿಸಬಹುದು. ಬ್ರಿಟನ್ನಿನ ಲೈಸೆನ್ಸ್ ಇರುವ ಎಲ್ಲ ಸೈಟುಗಳೂ ಒಟ್ಟಿಗೆ ಬಾಗಿಲು ಹಾಕ್ತವೆ. ಅವಧಿ ಮುಗಿಯುವ ಮೊದಲು ನೀವೇ ಬೇಡಿಕೊಂಡರೂ ತೆಗೆಯಲ್ಲ. ನಾನು 5 ವರ್ಷ ಹಾಕಿದ್ದೀನಿ, ಮೂರನೇ ವರ್ಷ ನಡೀತಿದೆ. ಜೂಜಿನ ಚಟದಿಂದ ಹೊರಬರೋಕೆ ನೆರವಾಗುವ ಗ್ಯಾಮ್‌ಕೇರ್‌ನವರ ಜೊತೆ ಮಾತಾಡಿದ್ದೂ ನನಗೆ ತುಂಬಾ ಸಹಾಯ ಆಯ್ತು.

ಲೆಸ್ಟರ್_ಹೊಸಬ

ಹೆಸರು ತಿದ್ದಿಸಿದೆ, ಬೆಳಿಗ್ಗೆ ಪಾಸ್ ಆಯ್ತು. ಬೋನಸ್ ಬೇಡ ಅಂತ ಚಾಟ್‌ನಲ್ಲಿ ಹೇಳಿಬಿಟ್ಟೆ. ಈಗ ದುಡ್ಡು ಹಾಕುವ ಮೊದಲು ಮಿತಿ ಹಾಕಿ ಅಂತ ಕೇಳ್ತಿದೆ. ಎಷ್ಟು ಹಾಕಲಿ ಅಕ್ಕಾ?

ಹಾಸನದಕ್ಕ_ರೆಡಿಂಗ್

ಊರಿಗೆ ಕಳಿಸುವುದು, ಬಾಡಿಗೆ, ಬಸ್ ಪಾಸ್ ಎಲ್ಲ ತೆಗೆದಿಟ್ಟ ಮೇಲೆ, ಪೂರ್ತಿ ಹೋದರೂ ಮನೆಗೆ ಫೋನ್ ಮಾಡುವಾಗ ನಿಮ್ಮ ದನಿ ಬದಲಾಗದಷ್ಟು. ನಾನಾಗಿದ್ದರೆ ತಿಂಗಳಿಗೆ 10 ಪೌಂಡ್ ಹಾಕ್ತಿದ್ದೆ. ಮಿತಿ ಇಳಿಸಿದರೆ ತಕ್ಷಣ ಜಾರಿ, ಏರಿಸೋಕೆ ಕನಿಷ್ಠ 24 ಗಂಟೆ ಕಾಯಬೇಕು. ಅದಕ್ಕೇ ಇವತ್ತೇ ಕಡಿಮೆ ಹಾಕಿಬಿಡಿ. ರಾತ್ರಿ ಪಾಳಿಯ ಬ್ರೇಕಿನಲ್ಲಿ ಮಾತ್ರ ಆಡಬೇಡಿ ತಮ್ಮಾ, ನಿದ್ದೆಗಣ್ಣಿನಲ್ಲಿ ಲೆಕ್ಕ ತಪ್ತದೆ. ಬ್ರೇಕಿನಲ್ಲಿ ಊಟ ಮಾಡಿ.