ಅರ್ಧ ಗಂಟೆಗೆ ಅಂತ ಹೋಗಿ ಇಡೀ ದಿನ ಗಮಕ ಕೇಳಿದೆ. ಆ ಮೂರನೇ ಸಾಲಿನ ಗುಟ್ಟೇನು?

ತೀರ್ಥಹಳ್ಳಿ ತೋಟದವ:
ಹೋದ ಭಾನುವಾರ ಹೊಸಹಳ್ಳಿಯ ನೆಂಟರ ಮನೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಬರೋಣ ಅಂತ ಹೋಗಿದ್ದೆ. ಅರ್ಧ ಗಂಟೆಯ ಕೆಲಸ. ಜಗುಲಿಯಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವುದು, ನಡೆದಿತ್ತು. ಕುಮಾರವ್ಯಾಸ ಭಾರತದ ವಿರಾಟ ಪರ್ವ. ಕಾಫಿ ಕುಡಿದು ಹೊರಡೋಣ ಅಂತ ಕೂತವನು ಎದ್ದಿದ್ದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನ ಎಲೆ ಹಾಕಿದಾಗ ಊಟಕ್ಕೆ ಎದ್ದೆ ಅಷ್ಟೆ. ಕಾಲು ಜೋಮು ಹಿಡಿದದ್ದೂ ಗೊತ್ತಾಗಲಿಲ್ಲ.

ನನಗೆ ಸಂಗೀತ ಬರುವುದಿಲ್ಲ. ಪದ್ಯ ಓದಿದ್ದು ಹೈಸ್ಕೂಲಿನಲ್ಲೇ ಕೊನೆ. ಆದರೆ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವಾಗ ವಾಚನ ಮಾಡುವವರ ದನಿ ಎದೆಯುಬ್ಬಿಸಿಕೊಂಡು ಹೊರಟಿತು. ಕೌರವರ ಸೇನೆ ಕಂಡದ್ದೇ ತಡ, ಅದೇ ದನಿ ಗಂಟಲಲ್ಲಿ ಸಿಕ್ಕಿಕೊಂಡಿತು. ವ್ಯಾಖ್ಯಾನದವರು ಅರ್ಥ ಹೇಳುವ ಮೊದಲೇ ನಾವೆಲ್ಲ ನಗುತ್ತಿದ್ದೆವು. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತ್ತು.

ಮಳೆ ಬರಲಿ ಅಂತ ವಿರಾಟ ಪರ್ವ ಓದಿಸುತ್ತಾರೆ ಅಲ್ವಾ? ಇಲ್ಲಿ ಹೊರಗೆ ಹಂಚು ಒಡೆಯುವ ಹಾಗೆ ಸುರಿಯುತ್ತಿತ್ತು! ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಸಬೇಕಿದ್ದ ನಾನು 'ಸಾಕು ನಿಲ್ಲಿಸಿ ಮಾರಾಯರೇ' ಅನ್ನಬೇಕಿತ್ತು. ಇನ್ನೊಂದು ಪದ್ಯ ಓದಲಿ ಅಂತ ಕಾಯುತ್ತಾ ಕೂತಿದ್ದೆ.

ಈಗ ಪ್ರಶ್ನೆ. ಎರಡು ಸಾಲು ಗಿಡ್ಡ, ಮೂರನೆಯದು ಜೋಕಾಲಿ ಹಾಗೆ ದೂರ ಹೋಗಿ ನಿಲ್ಲುತ್ತಿತ್ತು. ಮತ್ತೆ ಎರಡು, ಮತ್ತೊಂದು ಉದ್ದ. ತೊಡೆ ಮೇಲೆ ತಾಳ ಹಾಕಿ ನೋಡಿದೆ, ಸಿಗಲೇ ಇಲ್ಲ. ಏನಿದರ ಲೆಕ್ಕ?

ಸಾಗರದ ನಿವೃತ್ತ ಮೇಷ್ಟ್ರು:
ತಾಳ ಸಿಗುವುದಿಲ್ಲ, ಹುಡುಕಲೂಬೇಡಿ. ಗಮಕದಲ್ಲಿ ರಾಗ ಇದೆ, ತಾಳದ ಕಟ್ಟು ಇಲ್ಲ. ಮುಖ್ಯವಾಗಿ ಮಾತು ಕೇಳಿಸಬೇಕು. ರಾಗ ಅದಕ್ಕೆ ಹೆಗಲು ಕೊಡುತ್ತದೆ.

ನಿಮ್ಮ ಜೋಕಾಲಿಯ ಹೆಸರು ಭಾಮಿನಿ ಷಟ್ಪದಿ. ಆರು ಸಾಲು. 1, 2, 4, 5ನೇ ಸಾಲುಗಳಿಗೆ 3+4+3+4, ಅಂದರೆ 14 ಮಾತ್ರೆ. 3 ಮತ್ತು 6ನೆಯದಕ್ಕೆ 3+4+3+4+3+4, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ. ಒಟ್ಟು 23. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಸೊನ್ನೆ ಇದ್ದರೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ನಿಮ್ಮ ತೋಟದ ಮೇಲೇ ಅರ್ಧ ಪದ್ಯ ಕಟ್ಟಿದ್ದೇನೆ, ಬೆರಳು ಮಡಿಸಿ ಎಣಿಸಿ:

ಮಳೆಯು ನಿಲ್ಲಲಿ ಎಂದು ಬೇಡುತ
ಎಳೆಯ ಅಡಿಕೆಯ ಗೊನೆಯ ನೋಡುತ
ಬೆಳಗಿನಿಂದಲು ಕಾದು ಕುಳಿತನು ಮನೆಯ ಯಜಮಾನ

ಕೊನೆಯ 'ನ' ಹ್ರಸ್ವವೇ. ಆದರೆ ಅಲ್ಲಿ ಎಳೆದು ಗುರು ಮಾಡುತ್ತೇವೆ. ನಿಮಗೆ ಜೋಕಾಲಿ ನಿಂತ ಹಾಗೆ ಅನಿಸಿದ್ದು ಅಲ್ಲೇ. ಮೂರು ಸಾಲಿನಲ್ಲೂ ಎರಡನೇ ಅಕ್ಷರ ಳಕಾರ, ಅದು ಆದಿಪ್ರಾಸ.

ಭದ್ರಾವತಿಯಿಂದ ಒಬ್ಬಳು:
ಹೊಸಹಳ್ಳಿಯಲ್ಲಿ ಸಿಕ್ಕಿಬಿದ್ದಿರಿ ಅಂದರೆ ಆಶ್ಚರ್ಯವೇನಿಲ್ಲ ಬಿಡಿ. 2022ರಲ್ಲಿ ಪದ್ಮಶ್ರೀ ಬಂದ ಗಮಕಿ ಎಚ್.ಆರ್. ಕೇಶವಮೂರ್ತಿ ಅವರ ಊರು ಅದು.

ಮೇಷ್ಟ್ರೇ, ಲೆಕ್ಕ ಆಮೇಲಿರಲಿ, ಮೊದಲು ಅವರು ಸುಮ್ನೆ ನಾಲ್ಕು ಸಲ ಕೇಳಲಿ. ನಾನು ಗಮಕ ಕೇಳಿದ್ದು ಜಾಸ್ತಿ ರೇಡಿಯೋದಲ್ಲೇ. ಅಮ್ಮ ದೋಸೆ ಹುಯ್ಯುತ್ತಾ ಕೇಳುತ್ತಿದ್ದಳು. ಅಳುವ ಪದ್ಯ ಬಂತೋ, ಕಾವಲಿ ಮರೆತೇ ಹೋಗುತ್ತಿತ್ತು. ಅಳುವಿಗೆ ಹೊಂದುವ ಮುಖಾರಿ ರಾಗ ಅಂದರೆ ನನಗೆ ಇವತ್ತಿಗೂ ಸೀದ ದೋಸೆಯ ವಾಸನೆ.

ತೀರ್ಥಹಳ್ಳಿ ತೋಟದವ:
ಮೇಷ್ಟ್ರೇ, ಎರಡು ಸಲ ತಪ್ಪಿ ಮೂರನೇ ಸಲಕ್ಕೆ 14, 14, 23 ಬಂತು. 'ನಿಲ್ಲಲಿ'ಯ ಒತ್ತು ಮರೆತಿದ್ದೆ.

ನಿನ್ನೆ ಮಳೆ ಸ್ವಲ್ಪ ಹೊಳವಾಯಿತು. ಕೊಳೆ ಔಷಧಿಗೆ ಮೈಲುತುತ್ತ, ಸುಣ್ಣ ಕದಡುತ್ತಾ ನಿಮ್ಮ ಪದ್ಯವನ್ನೇ ನನ್ನದೇ ರಾಗದಲ್ಲಿ ಹೇಳುತ್ತಿದ್ದೆ. ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದ ಕೊನೆಗೌಡ ಕೈ ನಿಲ್ಲಿಸಿ, "ಅಯ್ಯಾ, ಯಜಮಾನ ಕೂತಿದ್ದಾಯ್ತು, ಆಮೇಲೇನಾಯ್ತು?" ಅಂತ ಕೇಳಿದ. ಉಳಿದ ಮೂರು ಸಾಲು ಬೇಗ ಕಳಿಸಿ.