ಗಿಟ್ ಪ್ರಶ್ನೋತ್ತರ: ನಾನೀಗ ಯಾವ ಬ್ರಾಂಚಲ್ಲಿದೀನಿ?

ಹೊಸಬ: ಮೇಡಂ ನಮಸ್ತೆ, ಗಿಟ್ಟಲ್ಲಿ (ಕೋಡ್ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್) ಈಗ ಯಾವ ಬ್ರಾಂಚಲ್ಲಿ, ಅಂದ್ರೆ ಕೋಡಿನ ಯಾವ ಕವಲಲ್ಲಿ ಇದೀನಿ ಅಂತ ನೋಡೋದ್ ಹೇಗೆ?

ಮೇಡಂ: ನಮಸ್ತೆ. ಟರ್ಮಿನಲಲ್ಲಿ (ಕಮಾಂಡ್ ಬರೆಯೋ ಪರದೆ) ಗಿಟ್ ಸ್ಟೇಟಸ್ ಹೊಡೀರಿ, ಮೊದಲ್ನೇ ಸಾಲಲ್ಲೇ ಇರತ್ತೆ. ಗಿಟ್ ಬ್ರಾಂಚ್ ಕೊಟ್ರೆ ಎಲ್ಲಾ ಬ್ರಾಂಚೂ ಬರತ್ತೆ, ಸ್ಟಾರ್ ಇರೋದು ನಿಮ್ದು.

ಮೈಸೂರ್ ಹುಡ್ಗಿ: ವಿಎಸ್ ಕೋಡ್ ಎಡಿಟರಲ್ಲಿ?

ಮೇಡಂ: ಕೆಳಗೆ ಎಡಗಡೆ ಮೂಲೇಲಿ.

ತುಮಕೂರ್ ಟೆಕ್ಕಿ: ಮೇಡಂ ಅರ್ಜೆಂಟು. ಹಳೇ ಕೋಡ್ ಹೆಂಗಿತ್ತು ನೋಡೋಣ ಅಂತ ಒಂದು ಹಳೇ ಕಮಿಟ್ (ಸೇವ್ ಮಾಡಿಟ್ಟ ಹಂತ) ಚೆಕೌಟ್ ಮಾಡ್ದೆ, ಅಂದ್ರೆ ತೆರೆದೆ, ಅಲ್ಲೇ ಮೂರು ದಿನ ಕೂತು ಐದು ಕಮಿಟ್ ಮಾಡ್ಬಿಟ್ಟಿದೀನಿ, ಇವತ್ತು ಮುಖ್ಯ ಬ್ರಾಂಚಾದ ಮೇನ್‌ಗೆ ಬಂದ್ರೆ ಒಂದೂ ಇಲ್ಲ. ಗಿಟ್ ತನ್ನ ದಾಖಲೆ ಇಡೋ ಡಾಟ್ ಗಿಟ್ ಫೋಲ್ಡರ್ ಡಿಲೀಟ್ ಮಾಡಿ ಸರ್ವರಿಂದ ಮತ್ತೆ ಕ್ಲೋನ್ (ನಕಲು) ಮಾಡಿದ್ರೆ ಸರಿಹೋಗತ್ತೆ ಅಂತ ಒಂದ್ ಫಾರ್ವರ್ಡ್ ಬಂದಿದೆ. ಮಾಡ್ಲಾ?

ಮೇಡಂ: ಬೇಡ!! ಕೀಬೋರ್ಡಿಂದ ಕೈ ತೆಗೀರಿ. ಪುಷ್ ಮಾಡಿಲ್ಲ, ಅಂದ್ರೆ ಸರ್ವರಿಗೆ ಕಳ್ಸಿಲ್ಲ ತಾನೇ? ಹಾಗಿದ್ರೆ ಆ ಐದು ಕಮಿಟ್ ಇರೋದು ಆ ಫೋಲ್ಡರಲ್ಲಿ ಮಾತ್ರ. ಅದ್ರೊಳಗೆ ಹೆಡ್ ಅಂತ ಒಂದು ಪುಟ್ಟ ಫೈಲಿದೆ, ಸಾಮಾನ್ಯವಾಗಿ ಅದ್ರಲ್ಲಿ ಬ್ರಾಂಚ್ ಹೆಸರಿರತ್ತೆ, ಕಮಿಟ್ ಮಾಡ್ದಂಗೆಲ್ಲಾ ಆ ಬ್ರಾಂಚ್ ಮುಂದಕ್ಕೆ ಹೋಗತ್ತೆ. ನೀವು ನೇರ ಕಮಿಟನ್ನೇ ಚೆಕೌಟ್ ಮಾಡಿದ್ರಿಂದ ಅಲ್ಲಿ ಬರೀ ಹ್ಯಾಶ್ (ಕಮಿಟಿನ ಗುರುತಿನ ಕೋಡ್) ಕೂತಿತ್ತು, ಇದೇ ಡಿಟ್ಯಾಚ್ಡ್ ಹೆಡ್, ಮೂರು ದಿನ ನೀವು ಯಾವ ಬ್ರಾಂಚಲ್ಲೂ ಇರ್ಲಿಲ್ಲ. ಮೇನ್‌ಗೆ ಬರುವಾಗ ಐದು ಕಮಿಟ್ ಬಿಟ್ ಹೋಗ್ತಿದೀರ ಅಂತ ವಾರ್ನಿಂಗೂ ಬಂದಿರತ್ತೆ, ಯಾರ್ ಓದ್ತಾರೆ! ಈಗ ಗಿಟ್ ರಿಫ್‌ಲಾಗ್ ಹೊಡೀರಿ, ಹೆಡ್ ಎಲ್ಲೆಲ್ಲಿ ಹೋಗಿ ಬಂತು ಅನ್ನೋ ಪಟ್ಟಿ ಬರತ್ತೆ. "ಚೆಕೌಟ್: ಮೂವಿಂಗ್ ಫ್ರಮ್" ಅಂತಿರೋ ಎಲ್ಲಕ್ಕಿಂತ ಮೇಲಿನ ಸಾಲಲ್ಲಿ ಫ್ರಮ್ ಆದ್ಮೇಲೆ ಬರೋ ಉದ್ದದ ಹ್ಯಾಶೇ ನಿಮ್ಮ ಕೊನೇ ಕಮಿಟ್. ಸಾಲಿನ ಶುರೂಲಿರೋದಲ್ಲ, ಅದು ಮೇನ್‌ದು. ಆಮೇಲೆ ಗಿಟ್ ಬ್ರಾಂಚ್, ಒಂದು ಹೊಸ ಹೆಸ್ರು, ಆ ಹ್ಯಾಶ್. ಡೀಫಾಲ್ಟಾಗಿ ಇಂಥ ಎಂಟ್ರಿ 30 ದಿನ ಇರತ್ತೆ, ಗಾಬರಿ ಬೇಡ.

ಟರ್ಮಿನಲ್ ಸ್ವಾಮಿ: ವಿಎಸ್ ಕೋಡ್ ಬಟನ್ ಒತ್ತಿ ಗಿಟ್ ಕಲಿತ್ರೆ ಹಿಂಗೇ ಆಗೋದು.

ಮೈಸೂರ್ ಹುಡ್ಗಿ: ಸಾರ್ ಅವ್ರು ವಿಎಸ್ ಕೋಡ್ ಅಂತ ಹೇಳೇ ಇಲ್ಲ. ನೀವೇನು ಹೊಟ್ಟೇಲಿದ್ದಾಗ್ಲೇ ಕಮಾಂಡ್ ಕಲ್ತಿದ್ರಾ?

ಟರ್ಮಿನಲ್ ಸ್ವಾಮಿ: ಸತ್ಯ ಹೇಳಿದ್ರೆ ಉರಿಯತ್ತೆ.

ಹಾಸನ್ ಡೆವ್: ಮೇಡಂ, ಪ್ರಾಂಪ್ಟಲ್ಲೇ (ಟರ್ಮಿನಲಲ್ಲಿ ಕಮಾಂಡ್ ಬರೆಯೋ ಸಾಲಿನ ಶುರೂಲಿ) ಬ್ರಾಂಚ್ ಹೆಸ್ರು ಕಾಣ್ಸೋದ್ ಹೇಗೆ?

ಫ್ರೆಷರ್ 24: ಯಾವ ಬ್ರಾಂಚಲ್ಲಿದೀನಿ ಅಂತ ನೋಡೋಕೆ ಕಮಾಂಡ್ ಏನು ಮೇಡಂ?

ಮೇಡಂ: ಮೇಲೆ ಓದಿ.

ಮೈಸೂರ್ ಹುಡ್ಗಿ: @ಸ್ವಾಮಿ ಮೊದ್ಲು ಅವ್ರ ಪ್ರಶ್ನೆ ಓದಿ.

ತುಮಕೂರ್ ಟೆಕ್ಕಿ: ಮೇಡಂ ಐದೂ ಸಿಕ್ತು 🙏🙏 ಮೊದ್ಲು ಶುರೂಲಿರೋ ಹ್ಯಾಶೇ ಹಾಕಿ ಎದೆ ಧಸಕ್ ಅಂತು.

ಮೇಡಂ: ಹೇಳಿದ್ದೆ ಅಲ್ವಾ.

ಫಾರ್ವರ್ಡ್ ಅಣ್ಣ: ಯಾವ್ ಬ್ರಾಂಚ್ ಅಂತ ಕನ್ಫ್ಯೂಸ್ ಆದ್ರೆ ಗಿಟ್ ರಿಸೆಟ್ ಹಾರ್ಡ್ ಕೊಡಿ, ಎಲ್ಲಾ ಕ್ಲೀನ್!! 10 ಜನಕ್ಕೆ ಶೇರ್ ಮಾಡಿ

ಮೇಡಂ: ಕಮಿಟ್ ಮಾಡದೇ ಇರೋ ಕೆಲ್ಸವೂ ಕ್ಲೀನ್ ಆಗತ್ತೆ, ಅದನ್ನ ರಿಫ್‌ಲಾಗೂ ವಾಪಸ್ ಕೊಡಲ್ಲ. ಈ ಮೆಸೇಜ್ ನೀವೇ ಅಳಿಸ್ತೀರೋ, ನಾನ್ ಅಳಿಸ್ಲೋ?