ಬನ ಇಲ್ಲದ ನಾಗಬನಕ್ಕೆ ‘ಜೀರ್ಣೋದ್ಧಾರ’ ಅನ್ನಬಹುದಾ?

ಗೆಳೆಯರೇ,

ನಮ್ಮ ಕುಟುಂಬದ ನಾಗಬನ ಇರುವುದು ಉಡುಪಿಯ ಅಂಚಿನಲ್ಲಿ. ಮೊದಲು ಸುತ್ತ ಗದ್ದೆ ಇತ್ತು, ಈಗ ಲೇಔಟು. ಮೊನ್ನೆ ಒಂದು ಆಮಂತ್ರಣ ಬಂತು: ‘ನಾಗಬನದ ಜೀರ್ಣೋದ್ಧಾರ’. ಹೋಗಿ ನೋಡಿದರೆ ಬನವೇ ಇಲ್ಲ. ಹಾಲೆ, ರೆಂಜೆ, ಬೈನೆ ಮರಗಳು, ಅವಕ್ಕೆ ಸುತ್ತಿಕೊಂಡಿದ್ದ ಬಳ್ಳಿ, ಬುಡದ ಹುತ್ತ ಎಲ್ಲವೂ ಹೋಗಿ ಕಾಂಕ್ರೀಟು ಕಟ್ಟೆ ಎದ್ದಿದೆ. ಸುತ್ತ ಇಂಟರ್‌ಲಾಕ್. ನಾಗರ ಪಂಚಮಿಗೆ ತನು (ಹಾಲು, ಎಳನೀರು) ಎರೆಯಲು ಬರುವವರ ಕಾಲಿಗೆ ಇನ್ನು ಕೆಸರು ಮೆತ್ತುವುದಿಲ್ಲವಂತೆ.

ಜೀರ್ಣ ಅಂದರೆ ಹಳತಾಗಿ ಸವೆದದ್ದು. ಗುಡಿಯ ಗೋಡೆ ಬಿರುಕು ಬಿಟ್ಟರೆ, ಮಾಡು ಸೋರಿದರೆ ಆ ಮಾತು ಸರಿ. ಬನದಲ್ಲಿ ಸವೆಯುವುದು ಏನು? ಬಿದ್ದ ಎಲೆ, ಕೊಳೆತ ಕೊಂಬೆ. ಅದನ್ನು ಗೆದ್ದಲು, ಅಣಬೆ, ಎರೆಹುಳ ಸೇರಿ ಮಣ್ಣು ಮಾಡುತ್ತವೆ. ಅದೇ ಅಲ್ಲಿನ ಉದ್ಧಾರ ಅಲ್ವಾ? ಊಟ ಜೀರ್ಣವಾಗುವ ಅರ್ಥದಲ್ಲಾದರೆ ಒಪ್ಪುತ್ತೇನೆ, ನಮ್ಮ ಬನ ಪೂರ್ತಿ ಜೀರ್ಣವಾಗಿದೆ. ಕರಾವಳಿಯಲ್ಲಿ ಈಗ ಬರೀ ಕಟ್ಟೆಗೂ ನಾಗಬನ ಅನ್ನುವವರೇ ಜಾಸ್ತಿ. ‘ಬನ’ ‘ವನ’ದ ತದ್ಭವ. ಮರ ಹೋದರೂ ಹೆಸರು ಮಾತ್ರ ಉಳಿದುಕೊಂಡಿದೆ.

ಇನ್ನೊಂದು ಪದ ಕಾಡುತ್ತಿದೆ. ಅಜ್ಜಿ ಆ ಜಾಗಕ್ಕೆ ‘ನಾಗನಿಗೆ ಬಿಟ್ಟದ್ದು’ ಅನ್ನುತ್ತಿದ್ದರು. ಶಾಸನಗಳಲ್ಲಿ ‘ಬಿಟ್ಟ ದತ್ತಿ’ ಬರುತ್ತದೆ, ದೇವರ ಹೆಸರಲ್ಲಿ ಬಸವನನ್ನೂ ಬಿಡುತ್ತಾರೆ. ಇಲ್ಲಿ ‘ಬಿಡು’ ಅಂದರೆ ಸುಮ್ನೆ ಕೈಬಿಡುವುದಲ್ಲ. ಕೊಟ್ಟಾಯಿತು, ಇನ್ನು ನನ್ನ ಕೈ ಅಲ್ಲಿ ಆಡುವುದಿಲ್ಲ ಎಂದು. ಅದಕ್ಕೇ ಅಲ್ಲಿ ಕತ್ತಿ ಆಡುತ್ತಿರಲಿಲ್ಲ, ಒಣಸೌದೆಯನ್ನೂ ತರುತ್ತಿರಲಿಲ್ಲ. ‘ಸಂರಕ್ಷಣೆ’ ಅಂದ ಕೂಡಲೇ ನನಗೆ ಬೇಲಿ ಮತ್ತು ಬೋರ್ಡು ಕಣ್ಣಿಗೆ ಬರುತ್ತವೆ. ಬೇಡ ಅನ್ನುತ್ತಿಲ್ಲ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂಬ ಪಟ್ಟ ಸಿಕ್ಕಿತು, ದೇಶದಲ್ಲೇ ಮೊದಲನೆಯದು. ವಿಮಾನ ನಿಲ್ದಾಣದ ಸುತ್ತ ನೆಲದ ಬೆಲೆ ಏರುತ್ತಿರುವಾಗ ಅಂಥ ಕಾಗದವೂ ಬೇಕು. ಆದರೆ ‘ತೋಪು’ ಅಂದರೆ ನನ್ನ ಕಿವಿಗೆ ನೆಟ್ಟು ಬೆಳೆಸಿದ್ದು. ‘ಬಿಟ್ಟದ್ದು’ ತಾನಾಗಿ ಬೆಳೆದದ್ದು.

ಕೇಳಬೇಕಾದದ್ದು ಇಷ್ಟು. ಕೊಡಗಿನ ದೇವರಕಾಡಿಗೆ, ಮಲೆನಾಡಿನ ಕಾನಿಗೆ (ಊರವರು ಉಳಿಸಿಕೊಂಡು ಬಂದ ದಟ್ಟ ಕಾಡಿಗೆ) ನಿಮ್ಮ ಮನೆಯ ಹಿರಿಯರು ಈ ‘ಬಿಡು’ ಬಳಸುತ್ತಿದ್ದರೇ? ಬೇರೆ ಕ್ರಿಯಾಪದ ಇದ್ದರೆ ಅದನ್ನೂ ತಿಳಿಸಿ. ಹಾಗೆಯೇ, ಬನಕ್ಕೆ ‘ಜೀರ್ಣೋದ್ಧಾರ’ ಅಂದ ಹಳೆಯ ಪ್ರಯೋಗ ಯಾರಾದರೂ ಕಂಡಿದ್ದೀರಾ? ಮುಂದಿನ ಕುಟುಂಬದ ಸಭೆಯಲ್ಲಿ ನಾನು ಈ ಪದದ ಮೇಲೆ ಜಗಳ ತೆಗೆಯುವವನಿದ್ದೇನೆ.